ಪಟ್ಟಲಮ್ಮನ ಮೂರು ಮೂಲೆಯ ಮೇಜು

ಮಳವಳ್ಳಿಯ ಪಟ್ಟಲಮ್ಮನಿಗೆ ಸಿಟ್ಟು ಬರುವುದು ನಿಧಾನ, ಬಂದರೆ ಇಳಿಯುವುದು ಇನ್ನೂ ನಿಧಾನ. ಮದ್ದೂರಿನಿಂದ ಸೊಸೆಯಾಗಿ ಬಂದ ದಿನದಿಂದ ಅವಳು ನೆಲದ ಮೇಲೆ ಕೂತು, ಪಾತ್ರೆ ಅಲುಗದಂತೆ ಎರಡೂ ಪಾದ ಕೊಟ್ಟು, ಮನೆಮಂದಿಗೆಲ್ಲ ಮುದ್ದೆಯ ಹಿಟ್ಟನ್ನು ಕೋಲಿನಿಂದ ತಿರುವಿ ತೊಳಸಿದವಳು. ಈಗ ಮಂಡಿ ಮಡಚಲು ಬರುವುದಿಲ್ಲ. ಇನ್ನು ನೆಲದ ಮೇಲೆ ಕೂರಲೇಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ನಿಂತು ತೊಳಸಲು ಅವಳಿಗೊಂದು ಮೇಜು ಬೇಕಿತ್ತು, ಅಷ್ಟೇ.

ಆದರೆ ಆ ಅಡುಗೆಮನೆಯಲ್ಲಿ ಮೇಜು ಹಿಡಿಸುವುದೆಲ್ಲಿ? ಗಂಡನ ಮನೆಯ ಅಣ್ಣತಮ್ಮಂದಿರು ಪಾಲಾದಾಗ, ದೇವರ ಕೋಣೆಯನ್ನು ಸೀಳಬಾರದೆಂದು ನಡುಗೋಡೆಯನ್ನು ಅಡುಗೆಮನೆಯಲ್ಲಿ ಓರೆಯಾಗಿ ಎಳೆದಿದ್ದರು. ದೇವರಿಗೆ ಕೋಣೆ ಪೂರ್ತಿ ಉಳಿಯಿತು, ಬೇಯಿಸುವವಳಿಗೆ ಮೂರು ಮೂಲೆಯ ಸಂದಿ. ಅಂಗಡಿಯ ಮೇಜು ಯಾವುದೂ ಅಲ್ಲಿ ಕೂರದು, ಹೊಸ ಮರ ತರಲು ಕಾಸಿಲ್ಲ. ಗಂಡ ಕೆಂಪರಾಜು ಕೊಟ್ಟಿಗೆಯ ಹಳೇ ಬಾಗಿಲು ಕಿತ್ತು ಬಡಗಿ ಮರಿಸಿದ್ದಯ್ಯನಿಗೆ ಒಪ್ಪಿಸಿದ.

ಮೇಜು ಬಂತು. ಮೂಲೆಗೆ ಒಂದು ಬೆರಳು ಸಂದಿಲ್ಲದೆ ಅಚ್ಚುಕಟ್ಟಾಗಿ ಕೂತಿತು. ಗಂಡಸರಿಬ್ಬರೂ ಅದನ್ನು ತಟ್ಟಿ ತಟ್ಟಿ ಮೆಚ್ಚಿಕೊಂಡರು. ಗಿಡ್ಡಕ್ಕಿದ್ದ ಪಟ್ಟಲಮ್ಮ ಎದುರು ನಿಂತರೆ ಹಲಗೆ ಅವಳ ಎದೆಗೆ ಬಂತು. ಹಿಟ್ಟು ತೊಳಸುವಾಗ ಮೈಭಾರವೆಲ್ಲ ಕೋಲಿನ ಮೇಲೆ ಬೀಳಬೇಕು. ಇಲ್ಲಿ ಪಾತ್ರೆಯೊಳಗೆ ಇಣುಕುವುದೇ ಕಷ್ಟ.

"ಯಾರ್ ಅಳತೆ ಇದು?"

"ಯಜಮಾನ್ರು ಸೊಂಟದ್ ಮಟ್ಟಕ್ಕೆ ಅಂದ್ರು ಕಣವ್ವ. ಅವ್ರ ಸೊಂಟುಕ್ಕೇ ಇಡ್ದೆ," ಎಂದ ಮರಿಸಿದ್ದಯ್ಯ.

ಕೆಂಪರಾಜು ಬೀದಿಗೇ ಉದ್ದನೆಯ ಆಳು. "ಒಂದು ಮಣೆ ಆಕ್ಕೊಂಡು ಅತ್ತಿ ನಿಂತ್ಕೊಳಮ್ಮಿ," ಎಂದ.

ಈ ಮಂಡಿಯಲ್ಲಿ ಮಣೆ ಹತ್ತಬೇಕಂತೆ, ಅದೂ ಸುಡುವ ಪಾತ್ರೆಯ ಮುಂದೆ. ಅವಳ ಮೈ ಉರಿದುಹೋಯಿತು. "ಮೇಜಿನ್ ಕಾಲು ಕುಯ್ದ್ಕೊಡು," ಎಂದಳು ಬಡಗಿಗೆ. ಅವನು ಗರಗಸಕ್ಕೆ ಕೈ ಹಾಕಲಿಲ್ಲ, ಕೆಂಪರಾಜುವಿನ ಮುಖ ನೋಡಿದ. ಕೆಂಪರಾಜು ಬೇಡವೆಂದು ತಲೆಯಾಡಿಸಿದ. ಮಂಡಿ ಅವಳದು, ದುಡಿಮೆ ಅವಳದು, ಅಪ್ಪಣೆ ಮಾತ್ರ ಅವನದು.

ಪಟ್ಟಲಮ್ಮ ಜಗಳವಾಡಲಿಲ್ಲ. ಸಂಜೆ ಹಿಟ್ಟು ಬೆಂದ ಮೇಲೆ ಗಂಡನನ್ನು ಕರೆದು ಕೋಲು ಕೈಗಿತ್ತಳು. "ನಿನ್ನ ಸೊಂಟುಕ್ಕೆ ಮಾಡ್ಸಿದ್ದೀಯ. ಪಾತ್ರೆ ಇಳುಸ್ಕೊಂಡು ನೀನೇ ತೊಳ್ಸು."

ಹೊಟ್ಟೆ ಹಸಿದಿತ್ತು, ತೊಳಸಿದ. ಮುದ್ದೆಯ ತುಂಬ ಗಂಟು. ಅವಳು ಗಂಟು ಸಮೇತ ನುಂಗಿದಳು. ಮಾರನೆಯ ದಿನವೂ ಕೋಲು ಅವನ ಕೈಗೇ ಬಂತು, ಅದರ ಮಾರನೆಯ ದಿನವೂ. ವಾರ ಕಳೆಯುವಷ್ಟರಲ್ಲಿ ರಟ್ಟೆ ಬಿದ್ದುಹೋಗಿ, ಮೆತ್ತಗೆ ಬಂದು ನಿಂತ.

"ಮರಿಸಿದ್ದಯ್ಯನ್ನ ಕರೀಲಾ? ಕಾಲು ಕುಯ್ಸ್‌ಬುಡಾನ."

"ಬ್ಯಾಡ, ಇರ್ಲಿ ಬುಡು," ಎಂದಳು ಪಟ್ಟಲಮ್ಮ. "ನಿನ್ನ ಅಳ್ತೆಗೆ ಸರ್ಯಾಗೇ ಅದೆ."