ಎರರ್ ಬಾರದಿದ್ದರೆ ಹೆದರುವವರು

ಅಕ್ಕನ ಬಲಗೈ ತೋರುಬೆರಳಿನ ಉಗುರು ಸವೆದು ಮೊಂಡಾಗಿತ್ತು. ಕಂಪ್ಯೂಟರ್ ಪರದೆಯ ಮೇಲೆ ಅದನ್ನು ಎಳೆಯುತ್ತ ಸಾಲು ಸಾಲಾಗಿ ಓದುವುದು ಅವರ ಪದ್ಧತಿ. ಮುಂಬೈನ ನಮ್ಮ ವಿಕ್ರೋಳಿ ಆಫೀಸಿನ ಪರದೆಗಳಿಗೆಲ್ಲ ಆ ಗೀರುಗಳೇ ಬಿರುದಾವಳಿ.

ಉಡುಪಿ ಕಡೆಯವರು, ನಮ್ಮ ತಂಡದ ಮುಖ್ಯಸ್ಥೆ, ಆಫೀಸಿಗೆಲ್ಲ ಅಕ್ಕ. ಲಿಫ್ಟಿಗೆ ಹೆದರುವರು, ಲೋಕಲ್ ರೈಲಿನ ಬಾಗಿಲಿಗೆ ಹೆದರುವರು, ಎಲ್ಲಕ್ಕಿಂತ ಹೆಚ್ಚಾಗಿ ಅಲ್ಪವಿರಾಮವೆಂಬ ಕ್ಷುದ್ರಜೀವಿಗೆ ಹೆದರುವರು. ನಮ್ಮ ಕಸುಬೇ ಅದರದ್ದು. ಆಸ್ಪತ್ರೆಗಳು ಹೆಸರು, ವಿಳಾಸಗಳನ್ನು ಕಾಮಾ ಹಾಕಿ ಬೇರ್ಪಡಿಸಿ ಫೈಲು ಕಳಿಸುತ್ತವೆ. ನಾವದನ್ನು ದೊಡ್ಡ ಸಾಫ್ಟ್‌ವೇರಿಗೆ ಉಣಿಸುತ್ತೇವೆ.

ಒಂದು ಸಂಜೆ, ಮನೆಯಲ್ಲೇ ಆಕ್ಸಿಜನ್ ಹಚ್ಚಿಕೊಂಡು ಮಲಗಿದ ರೋಗಿಗಳ ಪಟ್ಟಿ ಬಂತು. ಬೆಳಿಗ್ಗೆ ಸಿಲಿಂಡರಿನ ಟೆಂಪೋ ಅದರಂತೆ ಹೊರಡಬೇಕು. ಫೈಲು ಸಲೀಸಾಗಿ ಇಳಿಯಿತು. ನಾನು ಚೀಲ ಹೆಗಲಿಗೇರಿಸಿದೆ.

"ಅಕ್ಕ, ಒಂದೂ ಎರರ್ ಇಲ್ಲ. ನಡೀರಿ."

"ಎರರ್ ಇಲ್ಲ ಅಂತಲೇ ನನಗೆ ಹೆದರಿಕೆ ಆಗುವುದು ಮಾರಾಯ್ರೆ. ಮುಂಬೈಯಲ್ಲಿ ನೆಟ್ಟಗಿನ ವಿಳಾಸ ಎಷ್ಟು ಜನಕ್ಕುಂಟು? ಧಾರಾವಿಯವರು ಎಲ್ಲಿ, ತೋರಿಸಿ."

ಹುಡುಕಿದೆ. ಒಬ್ಬರೂ ಇರಲಿಲ್ಲ.

ಬಿಲ್ಡಿಂಗಿನವರ ವಿಳಾಸ ಚುಟುಕು. ಚಾಳಿನವರದು ಹಾಗಲ್ಲ: ಇಂಥ ಖೋಲಿ, ಇಂಥ ಗಲ್ಲಿ, ಮಸೀದಿಯ ಹಿಂದೆ, ನಲ್ಲಿಯ ಪಕ್ಕ. ನಡುನಡುವೆ ಕಾಮಾ; ಸಾಫ್ಟ್‌ವೇರಿನ ಲೆಕ್ಕದಲ್ಲಿ ಒಂದೊಂದು ಕಾಮಾಕ್ಕೂ ಒಂದು ಹೊಸ ಅಂಕಣ. ಹಾಗೆ ಅಂಕಣಗಳ ಎಣಿಕೆ ಮೀರಿದ ಸಾಲುಗಳನ್ನು ಸಾಫ್ಟ್‌ವೇರು ಸದ್ದಿಲ್ಲದೆ ಎಸೆದಿತ್ತು. ಕೆಟ್ಟ ಸಾಲು ಬಿಟ್ಟುಬಿಡು ಎಂದು ಅದಕ್ಕೆ ಅಪ್ಪಣೆಯಿತ್ತು, ವಿಧೇಯ ಪ್ರಾಣಿ.

ನಾನು ಚೀಲ ಕೆಳಗಿಟ್ಟೆ. ಅಕ್ಕ ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡರು.

"ಟೆಂಪೋ ಬಾರದಿದ್ದರೆ ಇವರು ಕಂಪ್ಲೇಂಟ್ ಮಾಡುವುದು ಹೇಗೆ ಹೇಳಿ? ಅದಕ್ಕೂ ಉಸಿರು ಬೇಡವಾ?"

ಹಾಗೆನ್ನುತ್ತಲೇ ಅಪ್ಪಣೆ ಬದಲಿಸಿದರು: ಕೆಟ್ಟ ಸಾಲನ್ನು ಎಸೆಯಬೇಡ, ಬೇರೆ ಇಡು. ಒಳಗಿನ ಕಾಮಾ ಲೆಕ್ಕಕ್ಕೆ ಬಾರದಂತೆ ಒಂದೊಂದು ವಿಳಾಸಕ್ಕೂ ಉದ್ಧರಣ ಚಿಹ್ನೆಯ ಬೇಲಿ ಕಟ್ಟಿ ಮತ್ತೆ ಉಣಿಸಿದೆವು. ಧಾರಾವಿ ಮರಳಿ ಬಂತು. ಆಮೇಲೆ ಅಕ್ಕ ನೀರು ಕುಡಿದರು. ಬಾಟಲಿ ಹಲ್ಲಿಗೆ ಕಟಕಟ ಬಡಿಯಿತು.

ವರ್ಷಗಳ ಮೇಲೆ, ಅಕ್ಕ ನಿವೃತ್ತರಾಗಿ ದಹಿಸರ್‌ನ ಮನೆಯಲ್ಲಿದ್ದಾಗ ಅವರಿಗೇ ಶ್ವಾಸಕೋಶ ಕೈಕೊಟ್ಟಿತು. ಅದೇ ಪಟ್ಟಿಯಲ್ಲಿ ಅವರೂ ಒಂದು ಸಾಲಾದರು. ಪ್ರತಿ ಸಲ ಫೈಲು ಇಳಿದೊಡನೆ ಮೊದಲು ಅವರನ್ನು ಹುಡುಕುತ್ತಿದ್ದೆ. ಸಿಕ್ಕ ಮೇಲೇ ಊಟ.

ಅವರ ಬೂದಿ ನೀರಿಗೆ ಬಿಟ್ಟು ಬಂದ ಮಾರನೇ ವಾರ ಹೊಸ ಪಟ್ಟಿ ಬಂತು. ಗೊತ್ತಿದ್ದೂ ಹುಡುಕಿದೆ. ಇರಲಿಲ್ಲ. ಬೇರೆ ಇಟ್ಟ ಕೆಟ್ಟ ಸಾಲುಗಳಲ್ಲೂ ನೋಡಿದೆ.

ಸಾಫ್ಟ್‌ವೇರು ಈ ಸಲ ಯಾರನ್ನೂ ಕೈಬಿಟ್ಟಿರಲಿಲ್ಲ.