ಒಂದೇ ಹೆಸರಿನ ಹುಣ್ಣಿಮೆಗಳು

ಕಂಪ್ಯೂಟರು ಆ ಪ್ರಶ್ನೆಯನ್ನು ಎಷ್ಟು ಸಭ್ಯವಾಗಿ ಕೇಳಿತ್ತೆಂದು ನೆನೆದರೆ ಈಗಲೂ ಮೈ ಉರಿಯುತ್ತದೆ. ಇದೇ ಹೆಸರಿನ ಫೈಲು ಆಗಲೇ ಇದೆ, ಅದರ ಜಾಗಕ್ಕೆ ಇದನ್ನು ಹಾಕಲೇ? ನಾನು ಎಲ್ಲದಕ್ಕೂ ಹೌದು ಎಂದು ಒತ್ತಿದೆ. ನಮ್ಮ ಮನೆಯಲ್ಲಿ ಓದಿದವನೆಂದರೆ ನಾನೇ ಅಲ್ಲವೇ!

ನಮ್ಮೂರು ಉಗರಗೋಳ. ಅಣ್ಣ ಎಲ್ಲಮ್ಮನ ಗುಡ್ಡಕ್ಕೆ ಬಂದವರ ಫೋಟೋ ತೆಗೆಯುತ್ತಾನೆ. ನಾನು ಸವದತ್ತಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಅಲ್ಲಿ ಸರ್ವರ್ ನೋಡಿಕೊಳ್ಳುವವರು ಬೇಕಾಗಿದ್ದರು. ನಮ್ಮಲ್ಲೇ ಒಂದು ಸರ್ವರ್ ಕಟ್ಟಿ ಕೈ ಪಳಗಿಸಿಕೊಳ್ಳೋಣ ಎಂದುಕೊಂಡೆ. ಅದಕ್ಕೆ ಸಿಕ್ಕಿದ್ದು ಅಣ್ಣನ ಅಂಗಡಿಯ ಕಂಪ್ಯೂಟರು, ಅದರಲ್ಲಿ ಇದ್ದದ್ದು ಒಂದೇ ಡಿಸ್ಕು.

ಆ ಡಿಸ್ಕನ್ನು ಹೇಗೆ ಹಂಚುವುದೆಂದು ಫೋಟೋ ಕಾಗದದ ಡಬ್ಬಿಯ ರಟ್ಟಿನ ಮೇಲೆ ಹದಿನೈದು ದಿನ ಗೆರೆ ಎಳೆದೆ, ಅಳಿಸಿದೆ. ಸಿಸ್ಟಮ್ಮಿಗೆ ಇಷ್ಟು. ಸರ್ವರ್ ತನ್ನ ದಿನಚರಿ ಬರೆದಿಡುವ ಲಾಗ್ ಫೈಲುಗಳು ಉಬ್ಬಿ ಇಡೀ ಡಿಸ್ಕು ತಿನ್ನಬಾರದೆಂದು ಅವಕ್ಕೆ ಬೇರೆ ಪಾರ್ಟಿಷನ್, ಅಂದರೆ ಡಿಸ್ಕಿನೊಳಗೇ ಗೋಡೆ ಹಾಕಿದ ಕೋಣೆ. ಮೆಮೊರಿ ಸಾಲದೆ ಬಂದರೆ ಸ್ವ್ಯಾಪ್‌ಗೆ ಒಂದು ತುಂಡು. ಅದೇ ಡಿಸ್ಕಿನ ಮೂರು ಡ್ರೈವ್‌ಗಳಲ್ಲಿ ಹರಡಿದ್ದ ಅಣ್ಣನ ಫೋಟೋಗಳನ್ನೆಲ್ಲ ಒಂದರಲ್ಲಿ ಕೂಡಿಸಿದರೆ ಉಳಿದ ಜಾಗವೆಲ್ಲ ನನ್ನದು.

ನಮ್ಮ ಅಂಗಡಿಯಲ್ಲಿ ತಾರೀಖು ಯಾರಿಗೂ ಬೇಡ. ಗುಡ್ಡದ ಜಾತ್ರೆ ಕೂಡುವುದು ಹುಣ್ಣಿಮೆಗೆ, ಬಂದವರು ಹುಣ್ಣಿಮೆಯ ಹೆಸರು ಹೇಳುತ್ತಾರೆ. ಅಣ್ಣನ ಫೋಲ್ಡರುಗಳಿಗೂ ಅವೇ ಹೆಸರು: ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ. ಪ್ರತಿ ಹುಣ್ಣಿಮೆಗೂ ಕ್ಯಾಮೆರಾಕ್ಕೆ ಕುಂಕುಮ ಹಚ್ಚಿ ಫೋಟೋದ ನಂಬರನ್ನು ಮತ್ತೆ ಒಂದರಿಂದ ಶುರು ಮಾಡುತ್ತಾನೆ. ವರ್ಷ ಬದಲಾದರೆ ಡ್ರೈವ್ ಬದಲಿಸುತ್ತಾನೆ, ವರ್ಷವನ್ನು ಮಾತ್ರ ಎಲ್ಲೂ ಬರೆಯುವುದಿಲ್ಲ. ಅದೇ ಅಂಗಡಿಯಲ್ಲಿ ಬೆಳೆದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಮೂರು ವರ್ಷಗಳನ್ನು ಒಂದರ ಮೇಲೊಂದು ಸುರಿದೆ, ದರಿದ್ರದವನು.

ಒಂದೇ ನಂಬರಿನ ಮೂರು ಫೋಟೋಗಳಲ್ಲಿ ಕೊನೆಗೆ ಸುರಿದದ್ದೊಂದೇ ಉಳಿದು, ಎಣಿಸಿದ್ದಕ್ಕಿಂತ ಬಹಳ ಕಡಿಮೆ ಜಾಗ ಹಿಡಿಯಿತು. ಅದು ನನ್ನ ಪ್ಲಾನಿನ ಜಾಣತನವೆಂದು ಹಿಗ್ಗಿ, ಉಳಿದ ಡ್ರೈವ್‌ಗಳನ್ನು ಅಳಿಸಿ ಸರ್ವರ್ ಕೂರಿಸಿದೆ. ಅಣ್ಣನೋ, ಬಂದಬಂದವರಿಗೆ ಹೇಳಿದ್ದೇ ಹೇಳಿದ್ದು: "ನಮ್ಮ ತಮ್ಮ ಎಲ್ಲಾ ಫೋಟೋ ಒಂದ ಕಡಿಗೆ ಕೂಡಿಸ್ಯಾನ್ರಿ. ಭಾಳ ಶಾಣ್ಯಾ ಅದಾನ." ನಾನು ನಾಚಿದಂತೆ ಮಾಡುತ್ತಿದ್ದೆ. ಆ ಮುಖಕ್ಕೆ ಬಾರಿಸಬೇಕಿತ್ತು.

ಮುಂದಿನ ಭಾರತ ಹುಣ್ಣಿಮೆಗೆ ನೇಸರಗಿಯಿಂದ ಒಬ್ಬ ಹೆಂಗಸು ಬಂದಳು. ಪ್ರತಿ ವರ್ಷ ಮೊದಲ ಬಸ್ಸಿಗೆ ಬಂದು, ಮೊದಲ ಹತ್ತು ಜನರೊಳಗೇ ಫೋಟೋ ತೆಗೆಸುವ ಗಿರಾಕಿ. ಗಂಡ ತೀರಿಕೊಂಡು ಒಂದೂವರೆ ವರ್ಷವಾಗಿತ್ತು.

"ನಮ್ಮ ಮನಿಯವರ ಜೋಡಿ ತಗಸಿದ್ದು ಎಲ್ಲಾ ಇಲಿ ಕಡದಾವ್ರಿ. ಅವರದು ಬ್ಯಾರೆ ಫೋಟೋನ ಇಲ್ಲ. ಆಚಿ ವರ್ಷದ್ದು ದೊಡ್ಡದು ಮಾಡಿ ಕೊಡ್ರಿ."

"ಅದಕ್ಕೇನ್ರಿ, ಕುಂತ್ರಿ" ಎಂದು ಅಣ್ಣ ಫೋಲ್ಡರು ತೆರೆದ. ಏಳನೇ ಫೋಟೋದಲ್ಲಿ ಅವಳಿದ್ದಳು, ಒಬ್ಬಳೇ. ಅದು ಹೋದ ವರ್ಷದ್ದು, ಅವಳು ಕೇಳಿದ್ದು ಅದರ ಹಿಂದಿನ ವರ್ಷದ್ದು. ಅಣ್ಣ ಮುಂದಕ್ಕೆ ಒತ್ತಿದ, ಹಿಂದಕ್ಕೆ ಬಂದ, ಮತ್ತೆ ಮುಂದಕ್ಕೆ ಒತ್ತಿದ. ಇನ್ನೊಂದು ಭಾರತ ಹುಣ್ಣಿಮೆ ಇರಲೇ ಇಲ್ಲ.

"ಹುಡುಕಬ್ಯಾಡ" ಎಂದೆ. "ಅಕ್ಕಾರ, ಅದನ್ನ ನಾನ ಅಳಿಸಿಬಿಟ್ಟೇನ್ರಿ."

ಅಣ್ಣ ಬಯ್ಯಲಿಲ್ಲ. ಬಯ್ಯಬಾರದೇ, ನಾಲ್ಕು ಜನರ ಮುಂದೆ ಕಪಾಳಕ್ಕೆ ಹೊಡೆಯಬಾರದೇ ಎಂದು ಅವನ ಮೇಲೂ ಸಿಟ್ಟು ಬಂತು. ಡಿಸ್ಕನ್ನು ಬೈಲಹೊಂಗಲದ ರಿಪೇರಿಯವನಿಗೆ ತೋರಿಸುತ್ತೇನೆಂದು ಅವಳಿಗೆ ಹೇಳಿದೆ. ಆಮೇಲೆ ತೋರಿಸಿದೆ ಕೂಡ, ಏನೂ ಸಿಗಲಿಲ್ಲ. ಆ ಜಾಗದ ಮೇಲೆ ಸರ್ವರ್ ಕೂತಿತ್ತು, ಅವಳಿಗೆ ಹಾಗೆ ಹೇಳುವಾಗಲೇ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು.

ಅವಳು ಪರದೆಯ ಹತ್ತಿರ ಬಂದು ಆ ಏಳನೆಯದನ್ನೇ ನೋಡುತ್ತ ನಿಂತಳು. ಚಿತ್ರದಲ್ಲಿ ಅವಳು ನಡುವೆ ಇರಲಿಲ್ಲ, ಎಡಕ್ಕೆ ಸರಿದು ನಿಂತಿದ್ದಳು.

"ಅವರ ಜಾಗಾ ಬಿಟ್ಟ ನಿಂತೇನಿ ನೋಡ್ರಿ" ಎಂದಳು. "ಇದನ್ನ ದೊಡ್ಡದು ಮಾಡ್ರಿ."

ಅಣ್ಣ ಪ್ರಿಂಟು ಹಾಕಿದ. ಬಲಗಡೆಯ ಆ ಖಾಲಿ ಜಾಗದ ಶಾಯಿ ಒಣಗುವವರೆಗೂ ಹಿಡಿದುಕೊಂಡು ನಿಂತವನು ನಾನು.