ಡಾಕ್ಟರ್ ತೀರಿಕೊಂಡ ಬೆಳಿಗ್ಗೆ

ಅಪಲಾಚಿಯಾ ಬೆಟ್ಟಗಳ ನಡುವಿನ ಆ ಗಣಿ ಊರಿನಲ್ಲಿ ಗ್ಲೆನಾಳನ್ನು ಎಲ್ಲರೂ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. "ನಾನು ಡಾಕ್ಟರಲ್ಲ, ಅವರ ಅಸಿಸ್ಟೆಂಟ್" ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ನಾಡಿ ನೋಡುವವಳು, ಸಿಗರೇಟು ಬಿಡಿ ಎಂದು ಬೈಯುವವಳು, ಔಷಧಿ ಚೀಟಿ ಬರೆಯುವವಳು ಅವಳೇ ಆದಮೇಲೆ ಜನ ಇನ್ನೇನೆಂದು ಕರೆದಾರು? ಆದರೆ ಕಾನೂನಿಗೆ ಜನರ ಮಾತು ಬೇಕಿಲ್ಲ. ಮುದುಕ ಡಾಕ್ಟರ್ ಟ್ಯಾಕೆಟ್ ಅವಳ ಮೇಲ್ವಿಚಾರಕರಾಗಿ ಇರುವ ತನಕ ಮಾತ್ರ ಅವಳ ಸಹಿಗೆ ಬೆಲೆ. ಅವರು ಹೋದ ಗಳಿಗೆಯಿಂದ ಅದು ಬರಿಯ ಗೀಚು.

ಆ ಬೆಳಿಗ್ಗೆ ಅವಳು ಕ್ಲೆಟಿಸ್‌ನ ಮನೆಗೆ ಹೊರಟಿದ್ದಳು. ಗಣಿಯ ಧೂಳು ತಿಂದು ತಿಂದು ಅವನ ಎದೆ ಕೆಟ್ಟಿತ್ತು, ಮೇಲೆ ಕ್ಯಾನ್ಸರ್. ನೋವು ತಡೆಯುವ ಮಾರ್ಫಿನ್ ಮುಗಿದಿತ್ತು, ಹೊಸ ಚೀಟಿ ಬರೆಯಬೇಕಿತ್ತು. ಈ ಮಂಚದಿಂದಲೇ ಹೋಗುತ್ತೇನೆ, ಆಸ್ಪತ್ರೆಗೆ ಹಾಕಬೇಡಿ ಎಂದು ಅವನು ಅವಳಿಂದ ಮಾತು ತೆಗೆದುಕೊಂಡಿದ್ದ.

ತನ್ನ ಮನೆಯ ಬಾಗಿಲು ದಾಟುವಾಗಲೇ ಫೋನ್ ಬಂತು. ಡಾಕ್ಟರ ಹೆಂಡತಿ ಮಾರ್ವಾ.

"ಅವ್ರು ಹೋಗ್ಬಿಟ್ರು ಕಣೇ ಗ್ಲೆನಾ. ನಿದ್ದೇಲೇ."

ಗ್ಲೆನಾ ಹೆಗಲ ಚೀಲವನ್ನು ಹೊಸ್ತಿಲ ಮೇಲೆ ಇಳಿಸಿದಳು. ಕೆಲಸ ಕಲಿಸಿದವರು, ಅಪ್ಪನಂತೆ ಇದ್ದವರು.

"ಯಾರಿಗೂ ಹೇಳಿಲ್ಲ ಇನ್ನೂ. ನೀನು ಬರೆಯೋ ಚೀಟಿಯೆಲ್ಲ ಬರ್ದ್ಬಿಡು, ಆಮೇಲೆ ಹೇಳ್ತೀನಿ. ಅವ್ರೇನು ಎದ್ದು ಓಡಿಹೋಗಲ್ಲ."

ಗಂಡನ ಹೆಣದ ಪಕ್ಕದಲ್ಲಿ ಕೂತು ಆ ಹೆಂಗಸು ಊರಿನ ರೋಗಿಗಳಿಗಾಗಿ ತನ್ನ ಅಳು ತಡೆದಿಟ್ಟಿದ್ದಳು.

"ಬೇಡ ಮಾರ್ವಕ್ಕಾ. ನಂಗೆ ಗೊತ್ತಾಗೋಯ್ತಲ್ಲ. ಇನ್ನು ಬರೆದ್ರೆ ಸುಳ್ಳು ಬರೆದ ಹಾಗೆ."

"ಕ್ಲೆಟಿಸ್‌ಗೇನು ಮಾಡ್ತೀಯೆ?"

ಗ್ಲೆನಾ ಫೋನಿಟ್ಟಳು. ಬೆಟ್ಟದಾಚೆಯ ಪೇಟೆಯ ಡಾಕ್ಟರಿಗೆ ಫೋನ್ ಮಾಡಿ ಬೇಡಿಕೊಂಡಳು. ರೋಗಿಯನ್ನು ನೋಡದೆ ಮಾರ್ಫಿನ್ ಬರೆಯಲಾರೆ, ಕರೆತನ್ನಿ ಎಂದರು. ಅವರದೂ ತಪ್ಪಲ್ಲ. ಯಾರ ತಪ್ಪೂ ಇಲ್ಲದೆ ಮನುಷ್ಯ ನರಳುವುದನ್ನು ನೋಡಿದರೆ ಯಾರನ್ನು ಬೈಯುವುದೋ ತಿಳಿಯುವುದಿಲ್ಲ.

ಆಂಬುಲೆನ್ಸ್‌ಗೆ ಎತ್ತುವಾಗ ಕ್ಲೆಟಿಸ್ ಮಂಚದ ಕಂಬಿ ಬಿಡಲಿಲ್ಲ. ಬೆರಳುಗಳನ್ನು ಬಿಡಿಸಿದ್ದು ಗ್ಲೆನಾಳೇ. ಪೇಟೆ ಮುಟ್ಟುವ ಮೊದಲೇ, ಘಾಟಿಯ ತಿರುವಿನಲ್ಲಿ ಅವನ ಉಸಿರು ನಿಂತಿತು.

ಡಾಕ್ಟರ ಮಣ್ಣಿಗೆ ಊರೇ ಬಂದಿತ್ತು. ಕ್ಲೆಟಿಸ್‌ನ ಹೆಂಡತಿ ಓಪಲ್ ಗ್ಲೆನಾಳ ಎದುರು ಬಂದು ನಿಂತಳು.

"ನೀನು ಚೀಟಿ ಬರೆದಿದ್ರೆ ನಮ್ಮೋರು ಮನೇಲೇ ಇರ್ತಿದ್ರಲ್ವಾ ಡಾಕ್ಟರಮ್ಮ?"

ಈ ಸಲ ಗ್ಲೆನಾ ತಾನು ಡಾಕ್ಟರಲ್ಲ ಎಂದು ತಿದ್ದಲಿಲ್ಲ.

"ಹೌದು," ಎಂದಳು.

ಓಪಲ್ ತಲೆಯಾಡಿಸಿ, ದೂರದ ಬೆಂಚಿಗೆ ಹೋಗಿ ಒಬ್ಬಳೇ ಕೂತಳು.